ಅಠಾರಾ ಕಚೇರಿ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ವಿಧಾನಸೌಧಕ್ಕೆ ಇದಿರಾಗಿ, ಉದ್ದಕ್ಕೆ ಮೈಚಾಚಿಕೊಂಡಿರುವ ಕೆಂಪು ಬಣ್ಣದ ಕಟ್ಟಡವನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡೇ ಇರುವರು. ಈಗ ಅದು ಕರ್ನಾಟಕದ ಉಚ್ಚ ನ್ಯಾಯಾಲಯ. ಆದರೆ ಹಳೆಯ ಮೈಸೂರು ಸೀಮೆಯ ವಯಸ್ಸಾದವರ ಬಾಯಲ್ಲಿ ಅದು ಇಂದಿಗೂ ಅಠಾರಾ ಕಚೇರಿಯೇ. ಅಠಾರಾ ಎಂಬುದು ಹಿಂದೂಸ್ತಾನಿಯ ಮಾತು. ಹದಿನೆಂಟು ಎಂದು ಅದರ ಅರ್ಥ. ಸರ್ಕಾರದ ಹದಿನೆಂಟು ಇಲಾಖೆಗಳು ಒಂದೇ ಸೂರಿನ ಕೆಳಗೆ ಸೇರಿದ್ದರಿಂದ ಆ ಹೆಸರು ಬಂದಿತೆಂದು ಹೇಳುವುದು ವಾಡಿಕೆ. ಇಂದು ಅಲ್ಲಿ ಹದಿನೆಂಟು ಇಲಾಖೆಗಳಿಲ್ಲ. ಆ ಇಲಾಖೆಗಳೆಲ್ಲ ಬೇರೆ ಮನೆ ಕಂಡುಕೊಂಡು ಎಪ್ಪತ್ತು ವರ್ಷಗಳಾಗುತ್ತ ಬಂದುವು. ಲೆಕ್ಕವು ತಪ್ಪಿದ ಮೇಲೆಯೂ ಹೆಸರು ಮಾತ್ರ ನಿಂತಿದೆ. ಈ ವಿಚಿತ್ರವನ್ನು ಕುರಿತು ಯೋಚಿಸುತ್ತ ಹೋದರೆ ಒಂದು ಕಟ್ಟಡದ ಆಯುಸ್ಸು ಯಾವುದರಲ್ಲಿದೆ, ಅದು ಯಾರ ಸ್ವತ್ತು ಎಂಬ ಪ್ರಶ್ನೆಗಳು ಏಳುತ್ತವೆ. ಆ ಪ್ರಶ್ನೆಗಳನ್ನು ಕುರಿತು ನನಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಹೆಸರಿನ ವಿಚಾರ. ಅದು ಕಟ್ಟಡಕ್ಕಿಂತ ಬಹಳ ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರು ೧೬೭೩ರಿಂದ ೧೭೦೪ರವರೆಗೆ ಆಳಿದರು. ಅವರು ತಮ್ಮ ಆಳ್ವಿಕೆಯ ಕೊನೆಯ ಭಾಗದಲ್ಲಿ ಔರಂಗಜೇಬ ಬಾದಶಹನ ಆಸ್ಥಾನಕ್ಕೆ ರಾಯಭಾರವನ್ನು ಕಳುಹಿಸಿದರು. ರಾಯಭಾರಿಗಳು ಹಿಂದಿರುಗಿದ ಬಳಿಕ ಅಲ್ಲಿನ ಮಾದರಿಯನ್ನು ನೋಡಿಕೊಂಡು ತಮ್ಮ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಬೇಹಿನ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ, ಬೆಣ್ಣೆ ಚಾವಡಿ ಎಂದು ಮುಂತಾದ ಹೆಸರುಗಳನ್ನು ಓದುವಾಗ ಆ ಕಾಲದ ಸಂಸಾರವೇ ಕಣ್ಣ ಮುಂದೆ ಬಂದಂತಾಗುವುದು. ಬೆಣ್ಣೆಗೊಂದು ಇಲಾಖೆಯಿದ್ದ ರಾಜ್ಯವನ್ನು ಈಗಿನವರು ನೋಡಿ ನಗಬಹುದು. ಹಾಗೆ ನಗುವವರು ಹಸುವಿನ ಹಿಂಡು ಅಂದಿನ ಅರಸರಿಗೆ ಎಷ್ಟು ದೊಡ್ಡ ಐಶ್ವರ್ಯವಾಗಿದ್ದಿತೆಂಬುದನ್ನು ನೆನೆಯಬೇಕು.

ಹದಿನೆಂಟು ಎಂಬ ಸಂಖ್ಯೆಯ ಮೇಲೆ ನಮ್ಮ ಜನಕ್ಕೆ ಮೊದಲಿಂದಲೂ ಒಂದು ಬಗೆಯ ಅಕ್ಕರೆ. ಭಾರತಕ್ಕೆ ಹದಿನೆಂಟು ಪರ್ವ, ಗೀತೆಗೆ ಹದಿನೆಂಟು ಅಧ್ಯಾಯ, ಪುರಾಣಗಳು ಹದಿನೆಂಟು. ಊರ ಮಾತಿನಲ್ಲಿ ಎಲ್ಲ ಕುಲದವರೂ ಎನ್ನುವುದಕ್ಕೆ ಹದಿನೆಂಟು ಜಾತಿ ಎನ್ನುವುದುಂಟು. ಎಣಿಸಿ ಹೇಳಿದ ಸಂಖ್ಯೆ ಇದಲ್ಲ. ಎಲ್ಲವೂ ಎಂಬುದಕ್ಕೆ ಪರ್ಯಾಯ ಪದ. ಆದುದರಿಂದ ಕಮೀಷನರ ಕಾಲದಲ್ಲಿ ದೊಡ್ಡದೊಂದು ಕಚೇರಿ ಎದ್ದು ನಿಂತಾಗ, ಒಳಗೆ ಇಲಾಖೆಗಳೆಷ್ಟಿವೆಯೆಂದು ಬೆರಳು ಮಡಿಸಿ ನೋಡದೆಯೇ ಜನರು ತಮಗೆ ಪರಿಚಿತವಾದ ಹಳೆಯ ಹೆಸರನ್ನು ಅದಕ್ಕೆ ತೊಡಿಸಿರಬೇಕೆಂದು ನನ್ನ ಊಹೆ. ಪರಕೀಯರು ಕಟ್ಟಿದ ಮನೆಗೆ ನಮ್ಮವರು ನಾಮಕರಣ ಮಾಡಿದರು. ಸರ್ಕಾರದ ಕಾಗದಗಳಲ್ಲಿ ಅದು ಪಬ್ಲಿಕ್ ಆಫೀಸು ಎಂದಿದ್ದಿತು. ಆ ಹೆಸರು ಕಾಗದದಲ್ಲಿಯೇ ಉಳಿಯಿತು.

ಈ ಕಟ್ಟಡವು ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ೧೮೩೧ಕ್ಕೆ ಹೋಗಬೇಕು. ಆ ವರ್ಷ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಸಂಸ್ಥಾನದ ಆಡಳಿತವನ್ನು ತಾವು ವಹಿಸಿಕೊಂಡರು. ಕಚೇರಿಗಳು ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದುವು. ಅವಕ್ಕೆ ದೊರೆತ ಸ್ಥಳವು ಕೋಟೆಯೊಳಗಣ ಟಿಪ್ಪೂ ಸುಲ್ತಾನನ ಅರಮನೆ. ಹೈದರನು ಪ್ರಾರಂಭಿಸಿ ೧೭೯೧ರಲ್ಲಿ ಟಿಪ್ಪುವು ಮುಗಿಸಿದ ಆ ಮರದ ಕಂಬಗಳ ಮನೆ, ಗಾಳಿಗೂ ನೆರಳಿಗೂ ಆಗಿ ಕಟ್ಟಿಸಿದ ಬೇಸಗೆಯ ಬಿಡಾರ. ಅಲ್ಲಿ ಸುಮಾರು ಮೂವತ್ತೇಳು ವರ್ಷ ಕಂದಾಯದ ಲೆಕ್ಕವೂ ನ್ಯಾಯದ ದಫ್ತರವೂ ನಡೆದುವು. ೧೮೩೪ರಿಂದ ೧೮೬೧ರವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತವೆಲ್ಲ ಆ ಚಿತ್ತಾರದ ಕಮಾನುಗಳ ಕೆಳಗೇ ಸಾಗಿತು. ಅರಮನೆಯು ಕಚೇರಿಯಾಗುವುದೂ ಕಚೇರಿಯು ಇನ್ನೊಂದಾಗುವುದೂ ನಮ್ಮ ನಾಡಿನಲ್ಲಿ ಹೊಸದಲ್ಲವೆಂಬುದಕ್ಕೆ ಆ ಮನೆಯೇ ಸಾಕ್ಷಿ.

ಕಬ್ಬನ್ನನ ಬಳಿಕ, ೧೮೬೨ರಲ್ಲಿ, ಲೆವಿನ್ ಬೆಂತಮ್ ಬೌರಿಂಗ್ ಎಂಬಾತನು ಕಮೀಷನರಾಗಿ ಬಂದನು. ಈತನು ಬಂದ ಮೇಲೆ ಆಡಳಿತದ ಹದವೇ ಬೇರೆಯಾಯಿತು. ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾಗಿಯೂ, ಎಂಟು ಜಿಲ್ಲೆಗಳಾಗಿಯೂ ಏರ್ಪಡಿಸಿದರು. ನಮ್ಮ ತುಮಕೂರು ನಂದಿದುರ್ಗ ವಿಭಾಗಕ್ಕೆ ಸೇರಿದ ಜಿಲ್ಲೆಯಾಯಿತು. ಜಿಲ್ಲೆ ಎಂಬ ಮಾತನ್ನು ಇಂದು ನಾವು ಅಭಿಮಾನದಿಂದ ಆಡುತ್ತೇವೆ, ಜಿಲ್ಲೆಯ ಹೆಸರಿನಲ್ಲಿ ಸಂಘಗಳನ್ನು ಕಟ್ಟುತ್ತೇವೆ, ಪತ್ರಿಕೆಗಳನ್ನು ನಡೆಸುತ್ತೇವೆ. ಆ ಅಭಿಮಾನದ ಗಡಿಗೆರೆಗಳು ಮೂಡಿದ್ದು ಈ ಕಾಲದಲ್ಲಿ. ೧೮೬೩ರಲ್ಲಿ ಭೂಮಾಪನದ ಇಲಾಖೆ, ೧೮೬೪ರಲ್ಲಿ ಅರಣ್ಯ ಇಲಾಖೆ, ೧೮೬೬ರಲ್ಲಿ ಇನಾಮು ಕಮೀಷನ್ನು, ಹೀಗೆ ಒಂದರ ಹಿಂದೆ ಒಂದು ಹುಟ್ಟಿದುವು. ಹೊಲವನ್ನು ಅಳೆದರೆ ನಕ್ಷೆ ಬೇಕು. ನಕ್ಷೆಯನ್ನಿಡಲು ಬೀರು ಬೇಕು. ಬೀರುವನ್ನಿಡಲು ಕೋಣೆ ಬೇಕು. ಸುಲ್ತಾನನ ತಂಗಾಳಿಯ ಮನೆಯಲ್ಲಿ ಅದಕ್ಕೆಲ್ಲ ಎಡೆಯೆಲ್ಲಿ?

ಆದಕಾರಣ ೧೮೬೪ರಲ್ಲಿ ಪೇಟೆಗೂ ದಂಡಿಗೂ ನಡುವಣ ಬಯಲಿನಲ್ಲಿ ಹೊಸ ಕಟ್ಟಡದ ಕೆಲಸವು ಪ್ರಾರಂಭವಾಗಿ ೧೮೬೮ರಲ್ಲಿ ಮುಗಿಯಿತು. ಅದರ ನಕ್ಷೆಯು ಸಂಸ್ಥಾನದ ಮುಖ್ಯ ಎಂಜಿನಿಯರಾದ ರಿಚರ್ಡ್ ಸ್ಯಾಂಕಿಯದು. ಕಬ್ಬನ್ ಉದ್ಯಾನವನ್ನು ರೂಪಿಸಿದವನೂ ಈತನೇ; ಮಲ್ಲೇಶ್ವರದ ಬಳಿಯ ಕೆರೆಯು ಇಂದಿಗೂ ಈತನ ಹೆಸರನ್ನು ಹೊತ್ತಿದೆ. ಕಟ್ಟುವ ಗುತ್ತಿಗೆಯನ್ನು ಹಿಡಿದವರು ಆರ್ಕಾಟು ನಾರಾಯಣಸ್ವಾಮಿ ಮೊದಲಿಯಾರರು. ವ್ಯಾಪಾರದಲ್ಲಿ ಸಂಪಾದಿಸಿದ ಹಣವನ್ನು ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ವಿನಿಯೋಗಿಸಿ ೧೮೭೩ರಲ್ಲಿ ಅವರು ತೆರೆದ ಶಾಲೆಯು ಅವರ ಹೆಸರಿನ ಧರ್ಮಸಂಸ್ಥೆಯಾಗಿ ಬೆಳೆಯಿತು. ಅಠಾರಾ ಕಚೇರಿಯ ಕಥೆಯಲ್ಲಿ ಸ್ಯಾಂಕಿಯ ಹೆಸರನ್ನು ಹೇಳುವವರು ಮೊದಲಿಯಾರರ ಹೆಸರನ್ನು ಮರೆಯಬಾರದು.

ಕಟ್ಟಡದ ಶೈಲಿಯು ಪ್ರಾಚೀನ ಗ್ರೀಕರನ್ನೂ ರೋಮನರನ್ನೂ ಅನುಸರಿಸಿದ್ದು. ಎರಡು ಅಂತಸ್ತು, ನಡುವೆ ಮುಂಚಾಚಿದ ಎತ್ತರದ ಮುಖಮಂಟಪ, ಎರಡು ತುದಿಗಳಲ್ಲಿಯೂ ಅಂತಹುದೇ ಕಂಬಗಳ ಸಾಲು. ಕಂಬಗಳ ತಲೆಯಲ್ಲಿ ಟಗರಿನ ಕೊಂಬಿನಂತೆ ಸುತ್ತಿಕೊಂಡ ಸುರುಳಿಗಳಿವೆ. ಪಾಶ್ಚಾತ್ಯ ಶಿಲ್ಪಶಾಸ್ತ್ರದಲ್ಲಿ ಇದಕ್ಕೆ ಅಯೋನಿಕ್ ಎಂದು ಹೆಸರು. ಇದರಲ್ಲಿ ನಮ್ಮ ಬೇಲೂರು ಹಳೇಬೀಡುಗಳ ಸೊಬಗನ್ನು ಹುಡುಕಬಾರದು. ಇಲ್ಲಿರುವುದು ಅಳತೆಯ ಸೌಂದರ್ಯ. ಕಿಟಕಿಯ ಪಕ್ಕದಲ್ಲಿ ಕಿಟಕಿ, ಕಮಾನಿನ ಪಕ್ಕದಲ್ಲಿ ಕಮಾನು, ತಪ್ಪದ ತಾಳದಂತೆ ಸಾಗುತ್ತವೆ. ಉದ್ಯಾನದ ಹಸುರಿನ ನಡುವೆ ನಿಂತು ಸಂಜೆಯ ಬಿಸಿಲಲ್ಲಿ ನೋಡಿದವರಿಗೆ ಆ ಕೆಂಪು ಕಣ್ಣಿಗೆ ತಂಪಾಗಿ ತೋರುವುದೇ ಹೊರತು ಚುಚ್ಚುವುದಿಲ್ಲ.

ಆದರೆ ಸೌಂದರ್ಯದ ಮಾತು ಹೀಗಿರಲಿ. ಕಟ್ಟಡವು ಮುಗಿದು ಹತ್ತು ವರ್ಷ ತುಂಬುವುದರೊಳಗೆ, ೧೮೭೬ರಿಂದ ೧೮೭೮ರವರೆಗೆ, ಧಾತು ಈಶ್ವರ ಸಂವತ್ಸರಗಳ ಮಹಾ ಕ್ಷಾಮವು ಸಂಸ್ಥಾನವನ್ನು ಹೊಕ್ಕಿತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿದ್ದಿತು. ಈ ಎರಡು ಅಂಕಿಗಳ ನಡುವೆ ಎಷ್ಟು ಊರುಗಳ ಒಲೆ ಆರಿತೋ ಹೇಳುವವರಿಲ್ಲ. ಗಂಜಿಯ ಕೇಂದ್ರಗಳ ಲೆಕ್ಕ, ಕಾಮಗಾರಿಯ ಕೂಲಿಯ ಲೆಕ್ಕ, ಸತ್ತವರ ಲೆಕ್ಕ, ಎಲ್ಲವೂ ಜಿಲ್ಲೆಗಳಿಂದ ಹೊರಟು ಬಂದು ಸೇರುತ್ತಿದ್ದುದು ರಾಜಧಾನಿಯ ಕಚೇರಿಗಳಿಗೆ. ಆ ಸಮಕಟ್ಟಾದ ಕಿಟಕಿಗಳ ಹಿಂದೆ ಕುಳಿತು ಯಾರೋ ಒಬ್ಬ ಗುಮಾಸ್ತೆಯು ನಮ್ಮ ತಾಲ್ಲೂಕುಗಳ ಸಾವನ್ನು ಅಂದದ ಅಕ್ಷರದಲ್ಲಿ ನಕಲು ಮಾಡಿರಬೇಕು. ಅಠಾರಾ ಕಚೇರಿಯ ಮುಂದೆ ಹೋದಾಗಲೆಲ್ಲ ಈ ಯೋಚನೆಯು ನನಗೆ ಬಾರದೆ ಇರುವುದಿಲ್ಲ.

೧೮೮೧ರ ಮಾರ್ಚಿಯಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಬಂದಿತು. ಕಮೀಷನರ ಹುದ್ದೆಯು ಹೋಗಿ ದಿವಾನರ ಆಡಳಿತವು ನೆಲೆಗೊಂಡಿತು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಮೊದಲಾದ ದಿವಾನರ ಕಾಲವೆಲ್ಲ ಮೈಸೂರು ಸರ್ಕಾರದ ಮುಖ್ಯ ಕಾರ್ಯಾಲಯವು ಅಠಾರಾ ಕಚೇರಿಯೇ. ಹೊರಗಿನವರಿಗೆ ಇದು ದೊಡ್ಡ ಬದಲಾವಣೆ. ಕಟ್ಟಡವಾದರೋ ಒಂದು ಕಲ್ಲನ್ನೂ ಅಲುಗಿಸದೆ ಯಜಮಾನರನ್ನು ಬದಲಾಯಿಸಿಕೊಂಡಿತು. ಪರರ ಪ್ರಭುತ್ವದ ಗುರುತಾಗಿ ಎದ್ದ ಮನೆಯಲ್ಲಿಯೇ ಮಾದರಿ ಸಂಸ್ಥಾನವೆಂಬ ಕೀರ್ತಿಯ ಆಡಳಿತವು ನಡೆದದ್ದನ್ನು ನೆನೆದರೆ, ಗೋಡೆಗಳಿಗೆ ಜಾತಿ ಮತಗಳಿಲ್ಲವೆಂದು ಹೇಳಬೇಕಾಗುತ್ತದೆ.

ನಮ್ಮ ತಂದೆಯವರು ೧೯೪೪ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಂದಾಯದ ಶಾಖೆಯ ಗುಮಾಸ್ತೆಯಾಗಿ ಅಠಾರಾ ಕಚೇರಿಯನ್ನು ಸೇರಿದರು. ತಿಪಟೂರಿನ ಕಡೆಯ ಹಳ್ಳಿಯ ತೋಟದವರ ಮಗ. ಬೆಂಗಳೂರಿನಲ್ಲಿ ಮನೆಯಿಲ್ಲ, ನಂಟರಿಲ್ಲ. ಮೊದಲ ದಿನಗಳನ್ನು ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ ಕಳೆದರಂತೆ. ನಮ್ಮ ಜಿಲ್ಲೆಯ ಪುಣ್ಯಾತ್ಮರೊಬ್ಬರು ೧೯೦೩ರಲ್ಲಿ ಬಾಗಿಲು ತೆರೆದ ಆ ಧರ್ಮಛತ್ರದಿಂದ ಅವರು ಬೆಳಗ್ಗೆ ಎದ್ದು, ಕೋಟು ತೊಟ್ಟು, ರುಮಾಲು ಸುತ್ತಿ, ಕಾಲುನಡಿಗೆಯಿಂದ ಕಚೇರಿಗೆ ಹೋಗುತ್ತಿದ್ದರು. ಊರಿಗೆ ಬಂದಾಗ ಅಜ್ಜನವರು ನಾಲ್ಕು ಜನರ ಇದಿರಿಗೆ, “ನಮ್ಮ ಹುಡುಗ ಅಠಾರಾ ಕಚೇರಿಯಲ್ಲಿದ್ದಾನೆ” ಎನ್ನುತ್ತಿದ್ದರಂತೆ. ಅಲ್ಲಿ ಏನು ಕೆಲಸ, ಎಷ್ಟು ಸಂಬಳ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ, ಹೆಸರು ಸಾಕಾಗಿದ್ದಿತು. ಮನೆಯ ಹೆಸರನ್ನು ರಾಜಧಾನಿಗೆ ಮುಟ್ಟಿಸಿದ ತಮ್ಮನ ವಿಷಯದಲ್ಲಿ ನಮ್ಮ ದೊಡ್ಡಪ್ಪನವರಿಗೂ ಆಗ ಅಷ್ಟೇ ಹೆಮ್ಮೆ.

೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದು ದಿವಾನಗಿರಿಯ ಯುಗವು ಮುಗಿಯುತ್ತ ಬಂದಿತು. ಈ ಸಲವೂ ಕಟ್ಟಡವು ಹೊಸಬರನ್ನು ಒಳಗೆ ಕರೆದುಕೊಂಡಿತು. ಪ್ರಥಮ ಮಹಾ ಚುನಾವಣೆಯಾದ ಬಳಿಕ, ೧೯೫೨ರ ಜೂನ್ ೧೮ರಂದು, ಮೈಸೂರು ವಿಧಾನಸಭೆಯ ಮೊದಲ ಅಧಿವೇಶನವು ಸೇರಿದ್ದು ಇಲ್ಲಿಯ ಸಭಾಂಗಣದಲ್ಲಿಯೇ. ಕಮೀಷನರ ಅಪ್ಪಣೆಗಳು ಹೊರಟ ಮನೆಯಲ್ಲಿ ಪ್ರಜೆಗಳು ಆರಿಸಿದವರು ಕುಳಿತು ಶಾಸನವನ್ನು ಚರ್ಚಿಸಿದರು.

ಆದರೆ ಹೊಸ ಕಾಲಕ್ಕೆ ಹೊಸ ಮನೆ ಬೇಕೆಂಬ ಆಲೋಚನೆಯು ಅದಕ್ಕೆ ಮೊದಲೇ ಹುಟ್ಟಿದ್ದಿತು. ೧೯೫೧ರ ಜುಲೈ ೧೩ರಂದು ಜವಾಹರಲಾಲ ನೆಹರೂರವರು ಕಚೇರಿಯ ಇದಿರು ಬಯಲಿನಲ್ಲಿ ಅಡಿಗಲ್ಲನ್ನಿಟ್ಟರು. ಮುಖ್ಯಮಂತ್ರಿಗಳಾಗಿ ಬಂದ ಕೆಂಗಲ್ ಹನುಮಂತಯ್ಯನವರು ಮೊದಲಿನ ನಕ್ಷೆಯನ್ನು ಬದಲಾಯಿಸಿ, ದ್ರಾವಿಡ ಶಿಲ್ಪದ ಹೊಳಹಿನ, ೭೦೦ ಅಡಿ ಉದ್ದ ೩೫೦ ಅಡಿ ಅಗಲದ ಕಲ್ಲಿನ ಮಹಾಸೌಧವನ್ನು ಎಬ್ಬಿಸಿದರು. ಬೆಂಗಳೂರನ್ನು ನೋಡಲು ಬಂದ ರಷ್ಯದೇಶದ ಅತಿಥಿಗಳು, “ಇಲ್ಲಿ ನಿಮ್ಮದೇ ಆದ ಶಿಲ್ಪವಿಲ್ಲವೆ?” ಎಂದು ಕೇಳಿದ್ದು ಅವರ ಮನಸ್ಸನ್ನು ಚುಚ್ಚಿತೆಂದು ಹೇಳುವುದುಂಟು. ಆ ಚುಚ್ಚುಮಾತಿಗೆ ಗುರಿಯಾದ ಕಟ್ಟಡಗಳಲ್ಲಿ ಅಠಾರಾ ಕಚೇರಿಯು ಮೊದಲನೆಯದಾಗಿದ್ದಿರಬೇಕು. ೧೯೫೬ರ ಡಿಸೆಂಬರ್ ೧೯ರಂದು ವಿಧಾನಸಭೆಯು ಹೊಸ ಸೌಧದಲ್ಲಿ ಮೊದಲ ಸಲ ಸೇರಿದಾಗ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಅಧಿಕಾರವನ್ನು ಬಿಟ್ಟಿದ್ದರು. ಬೌರಿಂಗನೂ ತಾನು ಕಟ್ಟಿಸಿದ ಕಚೇರಿಯಲ್ಲಿ ಎರಡು ವರ್ಷ ಮಾತ್ರ ಇದ್ದು ೧೮೭೦ರಲ್ಲಿ ಹಿಂದಿರುಗಿದನು. ಕಟ್ಟಿದವನು ಬೇರೆ, ಬಾಳುವವನು ಬೇರೆ.

ಹೊಸ ಸೌಧಕ್ಕೆ ದಫ್ತರಗಳನ್ನು ಸಾಗಿಸಿದ ದಿನಗಳನ್ನು ತಂದೆಯವರು ಎಷ್ಟೋ ಸಲ ವರ್ಣಿಸುತ್ತಿದ್ದರು. ಕೆಂಪು ಬಟ್ಟೆಯ ಕಟ್ಟುಗಳು ಜವಾನರ ತಲೆಯ ಮೇಲೆ ಸಾಲಾಗಿ ರಸ್ತೆ ದಾಟಿದುವಂತೆ. ದಾಟಬೇಕಾದ ದೂರ ಒಂದು ಕೂಗಳತೆಗೂ ಕಡಮೆ. ಆದರೂ ಅವರಿಗೆ ದೊಡ್ಡ ಪ್ರಯಾಣ ಮಾಡಿದಂತೆ ತೋರಿತಂತೆ. ಹೊಸ ಸೌಧದ ನೆತ್ತಿಯಲ್ಲಿ, ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದ್ದಾರೆ. ಅದನ್ನು ತಂದೆಯವರು ಬಹುವಾಗಿ ಮೆಚ್ಚಿಕೊಂಡಿದ್ದರು. ಆದರೆ ನಿವೃತ್ತರಾಗುವವರೆಗೂ ಮನೆಯಿಂದ ಹೊರಡುವಾಗ ಅವರು “ಸೌಧಕ್ಕೆ ಹೋಗುತ್ತೇನೆ” ಎಂದದ್ದನ್ನು ನಾನು ಕೇಳಲಿಲ್ಲ. ಅವರ ಬಾಯಲ್ಲಿ ಅದೂ “ಕಚೇರಿ”ಯೇ ಆಗಿದ್ದಿತು.

ಹೀಗೆ ಬರಿದಾದ ಹಳೆಯ ಮನೆಯು ಉಚ್ಚ ನ್ಯಾಯಾಲಯದ ಪಾಲಿಗೆ ಬಂದಿತು. ೧೮೮೪ರಲ್ಲಿ ಚೀಫ್ ಕೋರ್ಟಾಗಿ ಏರ್ಪಟ್ಟು ೧೯೩೦ರಲ್ಲಿ ಹೈಕೋರ್ಟಾದ ಮೈಸೂರಿನ ನ್ಯಾಯಸ್ಥಾನಕ್ಕೆ, ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ, ಬೀದರಿನಿಂದ ಕೊಳ್ಳೇಗಾಲದವರೆಗಿನ ವ್ಯಾಜ್ಯಗಳೆಲ್ಲ ಸೇರಿದುವು. ಅಪ್ಪಣೆಯನ್ನು ಬರೆಯುತ್ತಿದ್ದ ಮನೆಯು ಅಹವಾಲನ್ನು ಕೇಳುವ ಮನೆಯಾಯಿತು. ರಾಜ್ಯಕ್ಕೆ ೧೯೭೩ರಲ್ಲಿ ಕರ್ನಾಟಕವೆಂದು ಹೆಸರಾದ ಬಳಿಕ ನ್ಯಾಯಾಲಯದ ಹೆಸರೂ ಬದಲಾಯಿತು.

ಈ ಬದಲಾವಣೆಯ ಅರ್ಥವು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಅಜ್ಜನವರು ಕಾಲವಾದ ಮೇಲೆ ತೆಂಗಿನ ತೋಟದ ಪಾಲಿನ ವಿಷಯದಲ್ಲಿ ತಂದೆಯವರಿಗೂ ದೊಡ್ಡಪ್ಪನವರಿಗೂ ಮನಸ್ತಾಪ ಹುಟ್ಟಿತು. ಕೆರೆಯ ಹಿಂದಣ ಒಂದೂವರೆ ಎಕರೆ ಯಾರ ಪಾಲು ಎಂಬುದು ವಿವಾದ. ಅದು ಕೆಳಗಣ ನ್ಯಾಯಾಲಯಗಳನ್ನು ದಾಟಿ, ೧೯೬೮ರಲ್ಲಿ, ಅಂದರೆ ಆ ಕಟ್ಟಡಕ್ಕೆ ನೂರು ವರ್ಷ ತುಂಬಿದ ವರ್ಷದಲ್ಲಿಯೇ, ಅಠಾರಾ ಕಚೇರಿಯ ಮೆಟ್ಟಿಲನ್ನು ಹತ್ತಿತು. ನನಗೆ ಆಗ ಇಪ್ಪತ್ತು ವರ್ಷ. ವಕೀಲರ ಕಾಗದದ ಕಟ್ಟನ್ನು ಹಿಡಿದುಕೊಂಡು ತಂದೆಯವರ ಹಿಂದೆ ಹೋದೆನು. ನಮ್ಮ ಮೊಕದ್ದಮೆಯನ್ನು ಕೇಳುವ ಕೊಠಡಿಯ ಬಾಗಿಲಿಗೆ ಬಂದು ಅವರು ತಟ್ಟನೆ ನಿಂತುಬಿಟ್ಟರು. ಹನ್ನೆರಡು ವರ್ಷ ತಾವು ಮೇಜು ಹಾಕಿಕೊಂಡು ಕುಳಿತಿದ್ದ ಕೊಠಡಿ ಅದು. ಮೇಜುಗಳು ಹೋಗಿದ್ದುವು, ಕಿಟಕಿ ಮಾತ್ರ ಅದೇ, ಕಿಟಕಿಯ ಹೊರಗಣ ಮರವೂ ಅದೇ. “ಇಲ್ಲಿ ಕುಳಿತು ಊರೂರಿನ ಜಮೀನಿನ ಕಾಗದ ಬರೆದೆ. ಈಗ ನನ್ನ ಕಾಗದ ಇಲ್ಲಿಗೆ ಬಂತು” ಎಂದು ಮೆಲ್ಲಗೆ ಹೇಳಿ ಹೊರಗಣ ಬೆಂಚಿನ ಮೇಲೆ ಕುಳಿತರು. ಮುಖವನ್ನು ರುಮಾಲಿನಿಂದ ಒರಸಿಕೊಂಡರು. ಬೆವರಾಗುವ ಹೊತ್ತು ಅದಲ್ಲ.

ಮೊಗಸಾಲೆಯ ಇನ್ನೊಂದು ತುದಿಯಲ್ಲಿ ದೊಡ್ಡಪ್ಪನವರು ನಿಂತಿದ್ದರು. ಊರು ಬಿಟ್ಟು ಹೊರಗೆ ಹೆಚ್ಚು ತಿರುಗಿದವರಲ್ಲ; ಆ ಎತ್ತರದ ಕಂಬಗಳ ಮಧ್ಯದಲ್ಲಿ ಅವರು ಬಹಳ ಸಣ್ಣವರಾಗಿ ಕಂಡರು. ಮಧ್ಯಾಹ್ನದ ವಿರಾಮದಲ್ಲಿ ನೀರು ಎಲ್ಲಿ ಸಿಗುವುದೆಂದು ತಿಳಿಯದೆ ಅವರು ಅತ್ತಿತ್ತ ನೋಡುತ್ತಿದ್ದರು. ತಂದೆಯವರಿಗೆ ಆ ಕಟ್ಟಡದಲ್ಲಿ ಕಣ್ಣು ಕಟ್ಟಿ ಬಿಟ್ಟರೂ ದಾರಿ ಗೊತ್ತು. ಸ್ವಲ್ಪ ಹೊತ್ತು ನೋಡಿ ಎದ್ದುಹೋಗಿ, “ಅಣ್ಣಯ್ಯ, ನೀರಿನ ಮನೆ ಈ ಕಡೆ, ಬಾ” ಎಂದರು. ಎಂಟು ವರ್ಷಗಳಿಂದ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ದೊಡ್ಡಪ್ಪನವರು ನೀರು ಕುಡಿದು, “ನೀನು ಕೆಲಸ ಮಾಡುತ್ತಿದ್ದ ಕಚೇರಿ ಇದೇ ಏನು?” ಎಂದು ಕೇಳಿದರು. ಹೌದೆಂದ ಮೇಲೆ, ತಲೆ ಎತ್ತಿ ಚಾವಣಿಯನ್ನು ನೋಡಿ, “ಅಪ್ಪ ಒಂದು ಸಲ ನೋಡಬೇಕು ಅಂತ ಹೇಳುತ್ತಲೇ ಇದ್ದರು. ನೋಡಲಿಲ್ಲ” ಎಂದರು. ಆಮೇಲೆ ಇಬ್ಬರೂ ಬಹಳ ಹೊತ್ತು ಏನೂ ಆಡಲಿಲ್ಲ. ಆ ವರ್ಷದೊಳಗೆ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ತೋಟವು ದೊಡ್ಡಪ್ಪನವರಲ್ಲಿಯೇ ಉಳಿಯಿತು. ಪ್ರತಿ ವರ್ಷ ಅಲ್ಲಿಂದ ಒಂದು ಮೂಟೆ ತೆಂಗಿನಕಾಯಿ ನಮ್ಮ ಮನೆಗೆ ಬರುತ್ತಿದ್ದಿತು.

೧೯೮೦ರ ದಶಕದ ಮೊದಲ ವರ್ಷಗಳಲ್ಲಿ, ಅಠಾರಾ ಕಚೇರಿಯನ್ನು ಕೆಡವಿ ಆ ಸ್ಥಳದಲ್ಲಿ ಹೊಸದನ್ನು ಕಟ್ಟಬೇಕೆಂಬ ಪ್ರಸ್ತಾಪವು ಸರ್ಕಾರದಲ್ಲಿ ನಡೆಯಿತು. ಕಾರಣವಿಲ್ಲದೆ ಅಲ್ಲ: ಕಟ್ಟಡಕ್ಕೆ ವಯಸ್ಸಾಗಿದ್ದಿತು, ವ್ಯಾಜ್ಯಗಳೂ ನ್ಯಾಯಾಧೀಶರೂ ಹೆಚ್ಚಿ ಸ್ಥಳವು ಸಾಲದಾಗಿದ್ದಿತು. ಅದನ್ನು ಉಳಿಸಬೇಕೆಂದು ಪೌರರು ಸಾರ್ವಜನಿಕ ಹಿತದ ಅರ್ಜಿಯನ್ನು ಹಾಕಿದರು. ಅರ್ಜಿಯನ್ನು ಹಾಕಿದ್ದೂ ವಾದವನ್ನು ಕೇಳಿದ್ದೂ ಅದೇ ಕಟ್ಟಡದಲ್ಲಿ. ತನ್ನ ಮರಣದ ವಿಚಾರಣೆಗೆ ತಾನೇ ನೆರಳು ಕೊಟ್ಟ ಮನೆಯು ಬೇರೊಂದುಂಟೋ ಇಲ್ಲವೋ! ಕೊನೆಗೆ ಕಟ್ಟಡವು ಉಳಿಯಿತು. ಹಿಂಭಾಗದಲ್ಲಿ ಹೊಸ ಭಾಗಗಳು ಸೇರಿಕೊಂಡುವು. ಮುಂಭಾಗದ ಕಂಬಗಳು ಮೊದಲಿನಂತೆಯೇ ನಿಂತುವು.

ಆ ಸುದ್ದಿಯು ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲದಲ್ಲಿ ತಂದೆಯವರು ನಿವೃತ್ತರಾಗಿ ಮನೆಯಲ್ಲಿದ್ದರು. ಕೆಡವುವುದು ಸರಿಯೆಂದು ವಾದಿಸಿದ ನೆರೆಯವರೊಬ್ಬರು, “ಅದು ಬ್ರಿಟಿಷರದು, ಸ್ವಾಮಿ. ನಮಗೇಕೆ ಅದರ ಮೋಹ?” ಎಂದರು. ತಂದೆಯವರು ಅದಕ್ಕೆ ಕೊಟ್ಟ ಉತ್ತರವಿಷ್ಟೆ: “ಕಟ್ಟಿಸಿದ್ದು ಅವರು; ದುಡ್ಡು ನಮ್ಮ ರೈತನ ಕಂದಾಯದ್ದು. ಕಲ್ಲು ನಮ್ಮದು, ಹೊತ್ತವರು ನಮ್ಮವರು. ಅಲ್ಲಿ ಬರೆದವರೂ ಅತ್ತವರೂ ನಾವೇ. ಇನ್ನು ಬ್ರಿಟಿಷರದು ಅಂತ ಏನು ಉಳಿಯಿತು?” ಅವರ ಈ ಮಾತಿಗಿಂತ ಮಿಗಿಲಾದ ಸಮಾಧಾನವು ನನಗೆ ಈವರೆಗೆ ದೊರೆತಿಲ್ಲ.

ಪರಕೀಯರ ಆಳ್ವಿಕೆಯ ಗುರುತುಗಳನ್ನು ಏನು ಮಾಡಬೇಕೆಂಬುದು ಸುಲಭವಾದ ಪ್ರಶ್ನೆಯಲ್ಲ. ೧೮೬೬ರಲ್ಲಿ ಸ್ಥಾಪಿತವಾದ ಕಬ್ಬನ್ನನ ಕುದುರೆ ಸವಾರಿಯ ವಿಗ್ರಹವು ಬಹುಕಾಲ ಅಠಾರಾ ಕಚೇರಿಯ ಆವರಣದಲ್ಲಿದ್ದು ೨೦೨೦ರಲ್ಲಿ ಅಲ್ಲಿಂದ ಉದ್ಯಾನದೊಳಕ್ಕೆ ಹೋಯಿತು. ನನಗೆ ಅದರಲ್ಲಿ ಅನ್ಯಾಯವೇನೂ ತೋರುವುದಿಲ್ಲ. ವಿಗ್ರಹವು ಒಬ್ಬನನ್ನು ನೆನೆಯಲೆಂದು ನಿಂತದ್ದು; ಆತನನ್ನು ಎಲ್ಲಿ, ಹೇಗೆ ನೆನೆಯಬೇಕೆಂಬುದನ್ನು ಪ್ರತಿಯೊಂದು ಕಾಲವೂ ತಾನೇ ನಿಶ್ಚಯಿಸಬಹುದು. ಕಟ್ಟಡದ ಸಂಗತಿ ಬೇರೆ. ಅದು ಒಬ್ಬನ ನೆನಪಲ್ಲ, ಬಳಸಿದವರೆಲ್ಲರ ನೆನಪು. ಅದೇ ಉದ್ಯಾನಕ್ಕೆ ೧೯೨೭ರಲ್ಲಿ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಟ್ಟರು. ಜನರು ಇಂದಿಗೂ ಕಬ್ಬನ್ ಪಾರ್ಕು ಎನ್ನುತ್ತಾರೆ. ಅದು ಕಬ್ಬನ್ನನ ಮೇಲಣ ಭಕ್ತಿಯಿಂದಲ್ಲ. ಬಾಯಿಗೆ ರೂಢಿಯಾದ ಹೆಸರು ತಮ್ಮದೆಂಬ ಸಲಿಗೆಯಿಂದ.

ಕಾಲವು ಇನ್ನೂ ಸಾಗುತ್ತಿದೆ. ೨೦೦೮ರಲ್ಲಿ ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಪ್ರಾರಂಭವಾಗಿ ೨೦೧೩ರಲ್ಲಿ ಸ್ಥಿರ ಪೀಠಗಳಾದುವು. ಬೀದರಿನ ರೈತನು ಒಂದೂವರೆ ಎಕರೆಯ ಸಲುವಾಗಿ ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬೆಂಗಳೂರಿನ ಕೆಂಪು ಕಂಬಗಳ ಬಳಿಗೆ ಬರಬೇಕಾಗಿಲ್ಲ. ಹದಿನೆಂಟು ಚಾವಡಿಗಳೂ ಒಂದೆಡೆ ಇರಬೇಕೆಂದು ಒಂದು ಕಾಲವು ಬಯಸಿತು. ನ್ಯಾಯವು ಜನರ ಬಳಿಗೆ ಹೋಗಬೇಕೆಂದು ಇನ್ನೊಂದು ಕಾಲವು ಬಯಸುತ್ತಿದೆ. ಎರಡೂ ಅವುಗಳ ಕಾಲಕ್ಕೆ ಸರಿಯೇ.

ನಮ್ಮ ಜಿಲ್ಲೆಯ ವಾಚಕರಿಗೆ ಬೆಂಗಳೂರಿನ ಕಟ್ಟಡದ ಕಥೆಯನ್ನು ಹೇಳಿದ ಉದ್ದೇಶವು ಇಷ್ಟು. ಅಠಾರಾ ಕಚೇರಿಯು ತನ್ನ ಸೌಂದರ್ಯದಿಂದ ಮಾತ್ರ ಉಳಿಯಲಿಲ್ಲ. ಅರಮನೆಯ ಕಚೇರಿ ಸಾಲದೆ ಹೋದಾಗ ಹುಟ್ಟಿ, ಕಮೀಷನರಿಗೆ, ದಿವಾನರಿಗೆ, ಮಂತ್ರಿಗಳಿಗೆ, ಶಾಸಕರಿಗೆ, ಕೊನೆಗೆ ನ್ಯಾಯಾಧೀಶರಿಗೂ ಕಕ್ಷಿಗಾರರಿಗೂ ಒಗ್ಗಿಕೊಂಡದ್ದರಿಂದ ಉಳಿಯಿತು. ಒಂದು ಕೆಲಸ ಮುಗಿದೊಡನೆ ಇನ್ನೊಂದು ಕೆಲಸವನ್ನು ಅದಕ್ಕೆ ಒಪ್ಪಿಸಿದವರ ವಿವೇಕದಿಂದ ಉಳಿಯಿತು. ನಮ್ಮ ತಾಲ್ಲೂಕುಗಳಲ್ಲಿಯೂ ಹಳೆಯ ಕಚೇರಿಗಳುಂಟು, ಪಾಠಶಾಲೆಗಳುಂಟು, ಮುಸಾಫಿರಖಾನೆಗಳುಂಟು. ಎಷ್ಟೋ ಕಡೆ ಬೀಗ ಹಾಕಿ, ಮಳೆಗೆ ಬಿಟ್ಟು, ಬಿದ್ದ ಮೇಲೆ ಪಾಳೆಂದು ಷರಾ ಬರೆಯುತ್ತಾರೆ. ಅವುಗಳನ್ನು ಪೂಜಿಸಬೇಕೆಂದು ನಾನು ಹೇಳುವುದಿಲ್ಲ. ಒಂದರಲ್ಲಿ ವಾಚನಾಲಯವಾಗಬಹುದು, ಇನ್ನೊಂದರಲ್ಲಿ ಹುಡುಗಿಯರ ವಸತಿಗೃಹವಾಗಬಹುದು. ಬಾಗಿಲು ತೆರೆದು ದಿನವೂ ನಾಲ್ಕು ಜನ ಒಳಗೆ ಹೋಗಿ ಬರುತ್ತಿದ್ದರೆ ಗೋಡೆಗಳು ತಾವಾಗಿಯೇ ನಿಲ್ಲುತ್ತವೆ. ಅಂಥ ಮನೆಯೊಂದಕ್ಕೆ ಬೀಗದ ಕೈ ಎಲ್ಲಿದೆಯೆಂದು ಈ ತಿಂಗಳು ವಾಚಕರಲ್ಲಿ ಒಬ್ಬರು ತಮ್ಮ ತಾಲ್ಲೂಕಿನಲ್ಲಿ ವಿಚಾರಿಸಿದರೂ ಈ ಬರಹವು ಸಾರ್ಥಕವಾಯಿತೆಂದು ತಿಳಿಯುತ್ತೇನೆ.